ಮಿಲಾಗ್ರಿಸ್ ದೇವಾಲಯವೂ ನಮ್ಮ ಮಧುಗಿರಿಯ ದುರ್ಗವೂ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಕಾಣದವರು ನಮ್ಮ ಸೀಮೆಯಲ್ಲಿ ವಿರಳ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಕೆಳದಿ ಸಂಸ್ಥಾನದ ಕೊನೆಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟುದು ಈ ದುರ್ಗದಲ್ಲಿಯೇ. 1767ರಲ್ಲಿ ಮರಾಠರು ಆಕೆಯನ್ನು ಬಿಡಿಸಿದರು. ಕನ್ನಡ ನಾಡಿನ ಕಥೋಲಿಕರಾದ ನಾವು ಆ ರಾಜಮನೆತನಕ್ಕೆ ಋಣಿಗಳಾಗಿರುವುದನ್ನು ಬಲ್ಲವರು ಮಾತ್ರ ಕಡಿಮೆ. ಮಂಗಳೂರಿನ ಮಿಲಾಗ್ರಿಸ್, ಅಂದರೆ ಪವಾಡಗಳ ಮಾತೆಯ ದೇವಾಲಯವು ಮೊದಲು ಎದ್ದುದು ಕೆಳದಿಯವರು ದಾನವಿತ್ತ ನೆಲದ ಮೇಲೆ.

ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1680ರಲ್ಲಿ ಅದನ್ನು ಕಟ್ಟಿಸಿದವರು ಧರ್ಮಾಧ್ಯಕ್ಷ ತೊಮಾಸ್ ದೆ ಕಾಸ್ತ್ರೊ. ಹೆಸರು ಪರದೇಶದ್ದಾದರೂ ಅವರು ಗೋವೆಯ ದಿವಾಡಿ ದ್ವೀಪದವರು. ತಿಯಾತಿನ್ ಸಭೆಗೆ ಸೇರಿದವರು. ಪೋರ್ತುಗಲ್ ಅರಸರ ಮೂಲಕವಲ್ಲದೆ ರೋಮಿನಿಂದ ನೇರವಾಗಿ ನೇಮಕಗೊಂಡುದರಿಂದ ಅವರನ್ನು ಒಪ್ಪದ ಗುರುಗಳೂ ಇದ್ದರು. ಪರಧರ್ಮದ ಅರಸಿಯಿಂದ ದೊರೆತ ಆಸರೆ ಸ್ವಜನರಲ್ಲಿ ಕೆಲವರಿಂದ ದೊರೆಯಲಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಅದು ಬರೋಕ್ ಶೈಲಿಯ ಕಾಲ. ತ್ರೆಂತ್ ಮಹಾಸಭೆಯ (1545-63) ತರುವಾಯ ಶ್ರೀಸಭೆಯು ದೇವಾಲಯಗಳನ್ನು ಬೇರೆ ಬಗೆಯಲ್ಲಿ ಕಟ್ಟತೊಡಗಿತು. 1584ರಲ್ಲಿ ಪ್ರತಿಷ್ಠೆಗೊಂಡ ರೋಮಿನ ಜೆಸು ದೇವಾಲಯವೇ ಇದಕ್ಕೆ ಮೇಲ್ಪಂಕ್ತಿ. ನಡುವೆ ಕಂಬಗಳ ಅಡ್ಡಿಯಿಲ್ಲದ ಒಂದೇ ವಿಶಾಲ ಅಂಕಣ. ಬಾಗಿಲ ಬಳಿ ನಿಂತವನಿಗೂ ಬಲಿಪೀಠ ಕಾಣಬೇಕು, ಪ್ರಸಂಗ ಕೇಳಿಸಬೇಕು. ಹೊರಗಿನ ಮುಖಭಾಗದಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಕಂಬಗಳು, ಸುರುಳಿಗಳು, ಗೂಡುಗಳಲ್ಲಿ ಸಂತರ ಪ್ರತಿಮೆಗಳು. ಎಲ್ಲವೂ ಕಣ್ಣನ್ನು ಶಿಲುಬೆಯತ್ತ ಏರಿಸುತ್ತವೆ. ಇದನ್ನು ಬರಿಯ ಆಡಂಬರವೆಂದು ಹಳಿಯುವವರ ಮಾತು ನಮಗೆ ಸಮ್ಮತವಲ್ಲ. ಸೋರುವ ಗುಡಿಸಲಿನಿಂದ ಬಂದ ಬಡವನಿಗೆ ಆ ಸೊಬಗು ತನ್ನದೇ ಮನೆಯ ಸೊಬಗಾಗಿತ್ತು. (ಸಿಮೆಂಟಿನ ಸುರುಳಿಗಳನ್ನು ಅಂಟಿಸಿ ಬರೋಕ್ ಎನ್ನುವ ಈಚಿನ ಗೀಳು ಬೇರೆ ವಿಷಯ. ಕಣಶಿಲೆಯ ನಮ್ಮ ನಾಡಿಗೆ ಅದು ಬೇಡ.)

1784ರಲ್ಲಿ ಟಿಪ್ಪು ಸುಲ್ತಾನನು, ಕರಾವಳಿಯ ಕಥೋಲಿಕರು ಇಂಗ್ಲಿಷರಿಗೆ ನೆರವಾದರೆಂದು ಶಂಕಿಸಿ, ಅವರನ್ನು ಸಾವಿರಾರು ಸಂಖ್ಯೆಯಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದನು, ಮಿಲಾಗ್ರಿಸ್ ನೆಲಸಮವಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಬಹುಮಂದಿ. 1799ರಲ್ಲಿ ಬಿಡುಗಡೆ ಹೊಂದಿ ಮರಳಿದವರಿಗೆ ಮನೆಯೂ ಇರಲಿಲ್ಲ, ಹೊಲವೂ ಇರಲಿಲ್ಲ. ಆದರೂ 1811ರಲ್ಲಿ ದೇವಾಲಯವು ಮತ್ತೆ ಎದ್ದಿತು. ನೂರು ವರ್ಷಗಳ ಬಳಿಕ, 1911ರಲ್ಲಿ, ಅದೂ ಕುಸಿಯಿತು. ಇಂದು ಕಾಣುವ ಕಮಾನುಗಳೂ ಸಾಲುಕಂಬಗಳೂ ಪ್ರತಿಮೆಗಳೂ ಆ ಬಳಿಕದವು.

ಧರ್ಮಾಧ್ಯಕ್ಷ ದೆ ಕಾಸ್ತ್ರೊರವರು 1684ರಲ್ಲಿ ದೈವಾಧೀನರಾದರು. ಅವರ ಸಮಾಧಿ ಮಿಲಾಗ್ರಿಸ್ ಸ್ಮಶಾನಭೂಮಿಯಲ್ಲಿದೆ. ನಮ್ಮ ವಿಚಾರಣೆಯಿಂದ ಮಂಗಳೂರಿಗೆ ಹೋಗುವವರು ಹಂಪನಕಟ್ಟೆಯಲ್ಲಿಳಿದು, ಮಾತೆಯ ಸನ್ನಿಧಿಯಲ್ಲಿ ಮೊಣಕಾಲೂರಿದ ಮೇಲೆ ಅತ್ತ ಕಡೆಗೂ ಹೋಗಿ ಅವರ ಆತ್ಮಕ್ಕಾಗಿ ಒಂದು ಪ್ರಾರ್ಥನೆ ಸಲ್ಲಿಸಿ ಬರಬೇಕೆಂದು ಕೋರುತ್ತೇವೆ.