ರಕ್ತನಾಳಗಳ ಬೆಳವಣಿಗೆ ತಡೆದ ಪ್ರತಿಕಾಯ

ಕ್ಯಾನ್ಸರ್ ಗಡ್ಡೆಯು ತನ್ನ ಬೆಳವಣಿಗೆಗೆ ಬೇಕಾದ ಹೊಸ ರಕ್ತನಾಳಗಳನ್ನು ತಾನೇ ಪ್ರಚೋದಿಸಿಕೊಳ್ಳುತ್ತದೆ ಎಂಬ ವಾದವನ್ನು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ಶರೀರದಿಂದ ಬೇರ್ಪಡಿಸಿ ಜೀವಂತವಾಗಿರಿಸಿದ ಗ್ರಂಥಿಗಳಲ್ಲಿ ನೆಟ್ಟ ಗಡ್ಡೆಗಳು ಒಂದೆರಡು ಮಿಲಿಮೀಟರು ಬೆಳೆದು ನಿಂತುಬಿಡುವುದನ್ನು ಅವರು 1960ರ ದಶಕದಲ್ಲಿಯೇ ಕಂಡಿದ್ದರು. ನಾಳಗಳನ್ನು ಪ್ರಚೋದಿಸುವ ದ್ರವ್ಯವನ್ನು ಪ್ರತಿಕಾಯದಿಂದ ತಡೆದರೆ ಗಡ್ಡೆಯನ್ನು ಆ ಗಾತ್ರದಲ್ಲಿಯೇ ಉಳಿಸಬಹುದೆಂಬುದು ಅವರ ಊಹೆ. ಅನೇಕರು ಇದನ್ನು ಒಪ್ಪಲಿಲ್ಲ. ಒಪ್ಪದಿರಲು ಕಾರಣವೂ ಇತ್ತು. ಆ ದ್ರವ್ಯ ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಇಂಥದೇ ಕಲ್ಪನೆ ನೇತ್ರವಿಜ್ಞಾನದಲ್ಲಿ ಮೊದಲೇ ಮೂಡಿತ್ತೆಂಬುದು ಗಮನಾರ್ಹ. ಅಕ್ಷಿಪಟಲದ ನಾಳಗಳನ್ನು ಅಜ್ಞಾತ ಅಂಶವೊಂದು ನಿಯಂತ್ರಿಸುತ್ತದೆಂದು ಐಸಾಕ್ ಮೈಕಲ್‌ಸನ್ 1948ರಲ್ಲಿ ಸೂಚಿಸಿದ್ದರು. ಕ್ಯಾಲಿಫೋರ್ನಿಯದ ಜೆನೆಂಟೆಕ್ ಸಂಸ್ಥೆಯಲ್ಲಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು 1989ರಲ್ಲಿ ವಿಇಜಿಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿ ವಿವರಿಸಿದ ಮೇಲೆ ಎರಡೂ ಊಹೆಗಳಿಗೆ ಆಧಾರ ದೊರೆಯಿತು. 1993ರಲ್ಲಿ ಅವರ ತಂಡ ಇದರ ವಿರುದ್ಧ ರೂಪಿಸಿದ ಪ್ರತಿಕಾಯವು ಇಲಿಗಳಲ್ಲಿ ಗಡ್ಡೆಗಳ ಬೆಳವಣಿಗೆಯನ್ನು ತಗ್ಗಿಸಿತು. ಪ್ರಯೋಗಪಾತ್ರೆಯಲ್ಲಿದ್ದ ಅದೇ ಗಡ್ಡೆಯ ಕೋಶಗಳ ಮೇಲೆ ಮಾತ್ರ ಅದು ಏನೂ ಪರಿಣಾಮ ಬೀರಲಿಲ್ಲ. ಪ್ರತಿಕಾಯದ ಗುರಿ ಕೋಶವಲ್ಲ, ಅದಕ್ಕೆ ಆಹಾರವೊದಗಿಸುವ ನಾಳ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಪ್ರತಿಕಾಯವನ್ನು ಮನುಷ್ಯರಿಗೆ ಹೊಂದುವಂತೆ ಮಾರ್ಪಡಿಸಿದ ರೂಪವೇ ಬೆವಾಸಿಜುಮ್ಯಾಬ್. ಹರಡಿದ ದೊಡ್ಡ ಕರುಳಿನ ಕ್ಯಾನ್ಸರಿಗೆ 2004ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. ಕಿಮೊಥೆರಪಿಯೊಡನೆ ಇದನ್ನು ನೀಡಿದಾಗ ಬದುಕಿನ ಮಧ್ಯಮಾವಧಿ 15.6 ತಿಂಗಳಿಂದ 20.3ಕ್ಕೆ ಏರಿತ್ತು. ಲಾಭ ನಿಜ, ಆದರೆ ಫೋಕ್‌ಮನ್ ಕಲ್ಪಿಸಿದ ಸ್ಥಗಿತಾವಸ್ಥೆ ಅದಲ್ಲ. 2008ರಲ್ಲಿ ಸ್ತನ ಕ್ಯಾನ್ಸರಿಗೆ ದೊರೆತ ಅನುಮೋದನೆಯನ್ನು 2011ರಲ್ಲಿ ಹಿಂತೆಗೆದುಕೊಳ್ಳಲಾಯಿತು.

ಕಣ್ಣಿನಲ್ಲಿ ಫಲ ಬೇರೆಯಾಯಿತು. ವೃದ್ಧಾಪ್ಯದಲ್ಲಿ ಅಕ್ಷಿಪಟಲದ ನಡುಭಾಗದ ಕೆಳಗೆ ಹೊಸ ನಾಳಗಳು ಬೆಳೆದು, ಸೋರಿ, ದೃಷ್ಟಿ ನಾಶವಾಗುವ ರೋಗಕ್ಕೆ ಅದೇ ಮೂಲ ಪ್ರತಿಕಾಯದ ತುಣುಕಿನಿಂದ ರೂಪಿಸಿದ ರಾನಿಬಿಜುಮ್ಯಾಬ್ 2006ರಲ್ಲಿ ಬಂತು. ಅದುವರೆಗಿನ ಚಿಕಿತ್ಸೆಗಳು ದೃಷ್ಟಿನಾಶವನ್ನು ಬಹುಮಟ್ಟಿಗೆ ನಿಧಾನಗೊಳಿಸುತ್ತಿದ್ದವು, ಅಷ್ಟೆ. ಈಗ ಅನೇಕರ ದೃಷ್ಟಿ ಸುಧಾರಿಸಿತು. ಬೆಲೆ ಮಾತ್ರ ಒಂದು ಚುಚ್ಚುಮದ್ದಿಗೆ ಸುಮಾರು 2000 ಡಾಲರು. ಅಷ್ಟರಲ್ಲಿ, 2005ರಿಂದ, ವೈದ್ಯರು ಕ್ಯಾನ್ಸರಿನ ಔಷಧವನ್ನೇ ಸಣ್ಣ ಪ್ರಮಾಣಗಳಾಗಿ ವಿಂಗಡಿಸಿ ಸುಮಾರು 50 ಡಾಲರಿನಲ್ಲಿ ಕಣ್ಣಿಗೆ ಚುಚ್ಚತೊಡಗಿದ್ದರು. ವಿಂಗಡಿಸುವಾಗ ಸೋಂಕು ತಗಲುವ ಅಪಾಯ ಕಾಲ್ಪನಿಕವೇನೂ ಆಗಿರಲಿಲ್ಲ. ಆದರೂ ಅಮೆರಿಕದ ಸರ್ಕಾರಿ ಧನಸಹಾಯದಿಂದ ನಡೆದ ತುಲನಾತ್ಮಕ ಪರೀಕ್ಷೆಯ 2011ರ ಫಲಿತಾಂಶ, ದೃಷ್ಟಿಯ ಮಟ್ಟಿಗೆ ಎರಡೂ ಸಮಾನವೆಂದು ತೋರಿಸಿತು. ನೇತ್ರಚಿಕಿತ್ಸೆಗೆ ಅಮೆರಿಕದಲ್ಲಿ ಅನುಮೋದನೆಯನ್ನೇ ಪಡೆಯದಿದ್ದ ಬೆವಾಸಿಜುಮ್ಯಾಬ್ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು ಕಣ್ಣಿನ ಔಷಧವಾಗಿಯೇ.