ಸತ್ತ ಮೇಲೆ ಬಂದ ಬಿರುದು

ಅಲೆಕ್ಸಾಂಡರ್ ಮರಿನೆಸ್ಕೊ 1913ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದವನು. ಸೋವಿಯತ್ ಜಲಾಂತರ್ಗಾಮಿ ಎಸ್-13ರ ಕಮಾಂಡರ್. 1945ರ ಹೊಸ ವರ್ಷದ ಹೊತ್ತಿಗೆ ಫಿನ್‌ಲ್ಯಾಂಡಿನ ಬಂದರಿನಲ್ಲಿ ಕುಡಿದು, ನೌಕೆಗೆ ಮರಳದೆ, ಕೋರ್ಟ್ ಮಾರ್ಷಲ್‌ನ ಭಯ ಹೊತ್ತೇ ಕಡಲಿಗಿಳಿದ.

ಜನವರಿ 30ರ ರಾತ್ರಿ. ಬಾಲ್ಟಿಕ್ ಸಮುದ್ರದಲ್ಲಿ ಮೂಳೆ ಕೊರೆಯುವ ಚಳಿ. ಅವನ ಮೂರು ಟಾರ್ಪಿಡೋಗಳು ‘ವಿಲ್ಹೆಲ್ಮ್ ಗುಸ್ಟ್ಲಾಫ್’ ಎಂಬ ಜರ್ಮನ್ ಹಡಗನ್ನು ಸೀಳಿದವು. ಅದರಲ್ಲಿ ನೌಕಾಸೈನಿಕರಿದ್ದರು, ವಿಮಾನ ಹೊಡೆಯುವ ತೋಪುಗಳಿದ್ದವು. ಯುದ್ಧದ ಕಾನೂನಿಗೆ ಅದು ತಕ್ಕ ಗುರಿಯೇ. ಆದರೆ ಹೆಚ್ಚಿನವರು ಕೆಂಪುಸೇನೆಗೆ ಹೆದರಿ ಮನೆಮಠ ಬಿಟ್ಟು ಬಂದ ನಿರಾಶ್ರಿತರು. ಸತ್ತವರು ಸುಮಾರು 9000 ಎಂದು ಅಂದಾಜು, ಮಕ್ಕಳೇ ಸಾವಿರಾರು. ಟೈಟಾನಿಕ್‌ನಲ್ಲಿ ಸತ್ತವರು ಸುಮಾರು 1500. ಆ ಕತೆ ನಮ್ಮ ಮಕ್ಕಳಿಗೂ ಗೊತ್ತು, ಇದು ಯಾರಿಗೆ ಗೊತ್ತು?

ಫೆಬ್ರವರಿಯಲ್ಲಿ, ಗಾಯಾಳುಗಳಿಂದ ತುಂಬಿದ್ದ ‘ಸ್ಟಾಯ್ಬೆನ್’ ಹಡಗನ್ನೂ ಮುಳುಗಿಸಿದ. ಆದರೂ ‘ವೀರ’ ಬಿರುದು ಸಿಗಲಿಲ್ಲ. ರೆಡ್ ಬ್ಯಾನರ್ ಪದಕ ಕೊಟ್ಟು ಕೈತೊಳೆದುಕೊಂಡರು. ಬಿರುದಿಗೆ ಅಡ್ಡಬಂದದ್ದು ಆ ಮಕ್ಕಳಲ್ಲ, ಅವನ ಕುಡಿತ! ಅದೇ ವರ್ಷ ಅವನ ದರ್ಜೆ ಇಳಿಸಿದರು. 1949ರಲ್ಲಿ ಲೆನಿನ್‌ಗ್ರಾಡಿನಲ್ಲಿ ಕಳ್ಳತನದ ಆರೋಪ, ಸೆರೆ. 1963ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. 1990ರಲ್ಲಿ ಗೊರ್ಬಚೆವ್ ಅವನನ್ನು ‘ಸೋವಿಯತ್ ಒಕ್ಕೂಟದ ವೀರ’ನೆಂದು ಘೋಷಿಸಿದರು.

ಹಡಗಿನ ಅವಶೇಷ ಪೋಲೆಂಡಿನ ಕರಾವಳಿಯಾಚೆ ಕಡಲ ತಳದಲ್ಲಿದೆ. ಅದನ್ನು ಸಮಾಧಿಯೆಂದೇ ಪರಿಗಣಿಸಿದ್ದಾರೆ.