ತಾರೀಖಿಲ್ಲದ ಸಾವುಗಳು: ಸಂಡೂರಿನ ಗಣಿ ಕಾರ್ಮಿಕರು ಮತ್ತು ಸ್ಮಾರಕದ ಪ್ರಶ್ನೆ

ಗಣಿ ಕಾರ್ಮಿಕರ ಸ್ಮಾರಕ ಸಾಮಾನ್ಯವಾಗಿ ಒಂದು ದುರಂತದ ಸ್ಮಾರಕವಾಗಿರುತ್ತದೆ. ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿಗೆ 1975ರ ಡಿಸೆಂಬರ್ 27ರಂದು ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿ ಶ್ರದ್ಧಾಂಜಲಿ ಸಲ್ಲುವುದು ಆ ದಿನವೇ. ಕೆಜಿಎಫ್‌ನಲ್ಲಿ 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಬಲಿಯಾದ ಆರು ಕಾರ್ಮಿಕರ ನೆನಪೂ ತಾರೀಖಿಗೆ ಅಂಟಿಕೊಂಡಿದೆ. ನೆಲದಡಿಯ ಗಣಿಯಲ್ಲಿ ಪಾಳಿಗೆ ಇಳಿದವರ ಲೆಕ್ಕ ಮೇಲೆ ಉಳಿಯುತ್ತದೆ, ಬಾರದವರ ಹೆಸರು ಅಲ್ಲಿಂದಲೇ ಸಿಗುತ್ತದೆ. ಸಂಡೂರಿಗೆ ಈ ಮಾದರಿ ಹೊಂದುವುದಿಲ್ಲ.

ಇಲ್ಲಿನವು ಬಯಲು ಗಣಿಗಳು. ಭೂವಿಜ್ಞಾನಿ ಬ್ರೂಸ್ ಫೂಟ್ ಸಂಡೂರಿರುವ ಬಳ್ಳಾರಿ ಜಿಲ್ಲೆಯ ನೆಲದ ಬಗ್ಗೆ ಬರೆದದ್ದು 1895ರಲ್ಲಿ ಪ್ರಕಟವಾಯಿತು. ಮುಂದಿನ ಶತಮಾನದ ಆರಂಭದಲ್ಲಿ ಜನರಲ್ ಸಂಡೂರ್ ಮೈನಿಂಗ್ ಕಂಪನಿ ಮ್ಯಾಂಗನೀಸಿಗಾಗಿ ಬಂತು. 1954ರಲ್ಲಿ ಘೋರ್ಪಡೆ ಮನೆತನದ ಸಂಡೂರ್ ಮ್ಯಾಂಗನೀಸ್ ಅಂಡ್ ಐರನ್ ಓರ್ಸ್, ಆಮೇಲೆ ದೋಣಿಮಲೈ ಗಣಿ. ಹುಡುಕಿದವರು, ಗುತ್ತಿಗೆ ಹಿಡಿದವರು, ಆಳಿದವರು, ಎಲ್ಲರಿಗೂ ಹೆಸರಿದೆ.

ಕೆಲಸದ ಬಗೆಯನ್ನು ಹತ್ತಿರದಿಂದ ನೋಡಬೇಕು. ಯಂತ್ರಗಳು ಬರುವ ಮುನ್ನ ಗಂಡಾಳು ಹಾರೆಯಿಂದ ಕೆಡವಿದ್ದನ್ನು ಹೆಣ್ಣಾಳು ಸುತ್ತಿಗೆಯಿಂದ ಒಡೆದು, ಕಳಪೆ ಕಲ್ಲು ಆರಿಸಿ ಬಿಸುಟು, ಪುಟ್ಟಿ ತುಂಬಿ ಹೊರುತ್ತಿದ್ದಳು. ಗುತ್ತೇದಾರರ ಕೈಕೆಳಗೆ ಕೂಲಿ ಸಿಗುತ್ತಿದ್ದದ್ದು ಅದಿರಿನ ಅಳತೆಗೆ, ಲೆಕ್ಕ ಮೇಸ್ತ್ರಿಯದು. 2000ದ ದಶಕದಲ್ಲಿ ಚೀನಾದ ಬೇಡಿಕೆ ಏರಿದಾಗ ಪಟ್ಟಾ ಜಮೀನುಗಳಲ್ಲೂ ಇದೇ ಮರುಕಳಿಸಿತು, ಮಕ್ಕಳೂ ಸುತ್ತಿಗೆ ಹಿಡಿದರು. ಇಂಥಲ್ಲಿ ಸಾವು ಬಿಡಿಬಿಡಿಯಾಗಿ ಬರುತ್ತದೆ: ಮಣ್ಣು ಜರಿದು ಒಬ್ಬರು, ಟಿಪ್ಪರ್ ಹಾಯ್ದು ಇನ್ನೊಬ್ಬರು, ಕೆಂಧೂಳು ಕುಡಿದು ಮನೆಯಲ್ಲೇ ಕೆಮ್ಮುತ್ತ ಮತ್ತೊಬ್ಬರು. 1952ರ ಗಣಿ ಕಾಯ್ದೆಯಡಿ ಅಪಘಾತದ ನೋಟಿಸ್ ಕಡ್ಡಾಯವಾಗಿತ್ತು. ಸಿಲಿಕೋಸಿಸ್, ಮ್ಯಾಂಗನೀಸ್ ವಿಷಬಾಧೆಗಳೂ ವರದಿ ಮಾಡಲೇಬೇಕಾದ ರೋಗಗಳು. ಆದರೆ ವೈದ್ಯರು ರೋಗಕ್ಕೆ ಆ ಹೆಸರು ಬರೆದರೆ ತಾನೆ?

ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ತಾಂಡಾದ ಹೆಂಗಸರ ಸೂಜಿ ಕೆಲಸಕ್ಕೆ ಬಿದ್ದ ಸರ್ಕಾರಿ ಮುದ್ರೆ ಗಣಿಯಲ್ಲಿ ಅವರು ಹೊತ್ತ ಪುಟ್ಟಿಗೆ ಬೀಳಲಿಲ್ಲ.

ಎಲ್ಲ ಕೂಲಿಗಳಿಗೂ ಸೇರಿದ ತಾರೀಖು ಬೇಕೇ ಬೇಕೆಂದರೆ ಸಿಗುವುದು 2011ರ ಜುಲೈ 29. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿದ ದಿನ ಅದು. ಲೋಕಾಯುಕ್ತ ವರದಿ ಬಯಲಿಗಿಟ್ಟ ಅಕ್ರಮದ ಮುಂದೆ ಆ ಆದೇಶ ಅಗತ್ಯವೇ ಆಗಿತ್ತು. ಬಳಿಕ ಗಡಿ ಅಳೆದು ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಆ ವಿಂಗಡಣೆ ಗುತ್ತಿಗೆಗಳದು. ಬಟವಾಡೆ ನಿಂತ ಆಳುಗಳು ಅದರ ಲೆಕ್ಕಕ್ಕೆ ಬರುವವರಲ್ಲ.

ಹೀಗಾಗಿ ಸಂಡೂರಿನ ಸ್ಮಾರಕಕ್ಕೆ ಕಲ್ಲಿಗಿಂತ ಮೊದಲು ಪಟ್ಟಿ ಬೇಕು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸಲ್ಲಿಕೆಯಾದ ಅಪಘಾತ ನೋಟಿಸುಗಳು, ಕಂಪನಿಗಳ ಹಾಜರಿ ಪುಸ್ತಕಗಳು, ಹಳೆಯ ಮೇಸ್ತ್ರಿಗಳ ಲೆಕ್ಕದ ಹಾಳೆಗಳು ಇದಕ್ಕೆ ಆಕರವಾಗಬಲ್ಲವು. ಅವುಗಳಲ್ಲಿ ಸಿಗದ ಹೆಂಗಸರ ಹೆಸರುಗಳಿಗಾಗಿ ತಾಂಡಾ, ಹಟ್ಟಿಗಳಲ್ಲಿ ಹಿರಿಯರ ಮಾತನ್ನೇ ದಾಖಲಿಸಿಕೊಳ್ಳಬೇಕು. 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇರುವುದೇ ಗಣಿಬಾಧಿತರ ಹಿತಕ್ಕೆ. ಈ ಪಟ್ಟಿಯ ಖರ್ಚನ್ನು ಅದರ ಮುಂದೆ ಇಡುವುದು ನ್ಯಾಯವಾದ ಬೇಡಿಕೆ.